ಜಾತಕ, ಮುಹೂರ್ತ ನಂಬಲ್ಲ ಅಂತ ಎಲ್ಲರೆದುರೂ ಹೇಳಾಗಿದೆ. ಬಿಡೋದು ಮಾತ್ರ ಯಾಕಿಷ್ಟು ಕಷ್ಟ?

ಕುಕ್ಕರಹಳ್ಳಿ_ಏರಿ (ಚರ್ಚೆ ಶುರು ಮಾಡಿದವರು)

ಮೈಸೂರಲ್ಲಿ ಊಟದ ಪಂಕ್ತೀಲೇ ಕೂತು "ಜಾತಕ ಗೀತಕ ಎಲ್ಲಾ ಸುಳ್ಳು" ಅಂತ ವಾದ ಮಾಡೋರಿಗೆ ಬರ ಇಲ್ಲ. ಅದೇ ಜನ ಮಗಳ ಮದುವೆ ಅಂದಾಗ ಜಾತಕದ ಜೆರಾಕ್ಸ್ ನಾಲ್ಕು ಕಡೆ ಕಳಿಸ್ತಾರೆ. ಮನೆ ಕಟ್ಟೋವಾಗ ಸಂಪು ಈಶಾನ್ಯಕ್ಕೇ ಬರಲಿ ಅಂತ ಪ್ಲಾನ್ ತಿದ್ದಿಸ್ತಾರೆ. ಆಷಾಢದಲ್ಲಿ ಸೈಟು ರಿಜಿಸ್ಟರ್ ಮಾಡಿಸೋಕೆ ಹಿಂದೆಮುಂದೆ ನೋಡ್ತಾರೆ.

ಇವರನ್ನ ಬೂಟಾಟಿಕೆಯವರು ಅನ್ನೋಕೆ ನನಗೆ ಮನಸ್ಸಿಲ್ಲ. ಅವರ ಅನುಮಾನ ನಿಜವಾದದ್ದೇ, ಬಿಡೋಕಾಗದೆ ಇರೋದೂ ನಿಜವೇ. ಇದನ್ನ ಬಲ್ಲವರು ಇಲ್ಲಿ ಇದ್ದೀರಿ ಅಂತ ಗೊತ್ತು. ಬುದ್ಧಿ ಒಪ್ಪಿದ ಮೇಲೂ ಭಯ ಯಾಕೆ ಉಳಿಯುತ್ತೆ, ಅದನ್ನ ಹೇಗೆ ಕಳೀಬೇಕು? ಮದುವೆ, ಸಾವು ಬಂದಾಗ ಏನು ಮಾಡಬೇಕು? ಕಾಗದಪತ್ರದಲ್ಲಿ ಏನಾಗುತ್ತೆ? "ಧೈರ್ಯ ಬೇಕು" ಅಂತ ಒಂದು ಸಾಲು ಹಾಕಿ ಹೋಗಬೇಡಿ, ವಿವರವಾಗಿ ಬರೀರಿ.

ನಾಲ್ಕನೇ_ಕ್ರಾಸ್

ದೇವರಿಗಿಂತ ಬೀಗರ ಭಯ ದೊಡ್ಡದು ಸಾರ್. ಅಲ್ಲಿಂದ ಶುರು ಮಾಡಿ.

ಲೆಕ್ಕದ_ಮೇಷ್ಟ್ರು

ಮೊದಲು ಲೆಕ್ಕ ನೋಡಿಬಿಡೋಣ. ಜಾತಕದಲ್ಲಿ ಲಗ್ನದಿಂದ, ಅಂದ್ರೆ ಹುಟ್ಟಿದ ಹೊತ್ತಲ್ಲಿ ಪೂರ್ವದಲ್ಲಿ ಮೂಡ್ತಿದ್ದ ರಾಶಿಯಿಂದ, 1, 2, 4, 7, 8, 12ನೇ ಮನೇಲಿ ಮಂಗಳ ಕೂತ್ರೆ ಕುಜದೋಷ. 12 ಮನೇಲಿ 6 ಮನೆ, ಅಂದ್ರೆ ಹೆಚ್ಚುಕಮ್ಮಿ ಅರ್ಧ ಊರಿಗೇ ದೋಷ. ಕೆಲವರು ಚಂದ್ರನಿಂದಲೂ ಶುಕ್ರನಿಂದಲೂ ಎಣಿಸ್ತಾರೆ. ಹಾಗೆ ಎಣಿಸಿದ್ರೆ ಮೂರೂ ಕಡೆ ಪಾರಾಗೋರು ಸುಮಾರು ಎಂಟು ಜನಕ್ಕೆ ಒಬ್ಬರು. ಊರಿಗೂರೇ ದೋಷ ಆದ್ರೆ ಮದುವೆ ನಡೆಯಲ್ಲ, ಅದಕ್ಕೇ "ಈ ರಾಶೀಲಿದ್ರೆ ದೋಷವಿಲ್ಲ, ಗುರು ದೃಷ್ಟಿ ಇದ್ರೆ ದೋಷವಿಲ್ಲ" ಅನ್ನೋ ವಿನಾಯಿತಿ ಪಟ್ಟಿ ಅಷ್ಟುದ್ದ ಇರೋದು.

ಸಾಡೇಸಾತಿಯೂ ಹೀಗೇ. ಶನಿ ಹನ್ನೆರಡು ರಾಶಿ ಸುತ್ತೋಕೆ ಸುಮಾರು 29.5 ವರ್ಷ. ನಿಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರರಲ್ಲೂ ಶನಿ ಇರೋ ಕಾಲ ಏಳೂವರೆ ವರ್ಷ. ಹಾಗಾಗಿ ಯಾವತ್ತು ನೋಡಿದ್ರೂ ನಾಲ್ಕು ಜನಕ್ಕೆ ಒಬ್ಬರು ಇದರೊಳಗೇ ಇರ್ತಾರೆ. ಏಳೂವರೆ ವರ್ಷದಲ್ಲಿ ಒಂದು ಸಾವು, ಒಂದು ಆಪರೇಷನ್, ಒಂದು ನಷ್ಟ ಕಾಣದ ಮನೆ ಯಾವುದಿದೆ?

ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಜೊತೆಯವರು ಇದನ್ನ ಪರೀಕ್ಷೆಗೇ ಹಚ್ಚಿದ್ರು. ಓದಿನಲ್ಲಿ ಮುಂದಿದ್ದ 100 ಮಕ್ಕಳ, ಬುದ್ಧಿಮಾಂದ್ಯತೆ ಇದ್ದ 100 ಮಕ್ಕಳ ಜಾತಕ ಸೇರಿಸಿ, ಜ್ಯೋತಿಷಿಗಳಿಗೆ ತಲಾ 40 ಕಳಿಸಿ, ಯಾವುದು ಯಾರದ್ದು ಹೇಳಿ ಅಂದ್ರು. ಉತ್ತರ ಕಳಿಸಿದ 27 ಜನರ ಸರಾಸರಿ ಶೇ. 46. ಕಣ್ಣು ಮುಚ್ಚಿ ಹೇಳಿದ್ರೂ 50ರ ಆಸುಪಾಸು ಬರಬೇಕು. 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂತು.

ಒಂಟಿಕೊಪ್ಪಲ್_ಓದುಗ

ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಇದನ್ನೆಲ್ಲ ಓದಿದವರೇ ಸೋಮವಾರ ಬೆಳಗ್ಗೆ ಏಳೂವರೆಗೆ ಕಾರು ತೆಗೆಯಲ್ಲ, ಒಂಬತ್ತಾಗಲಿ ಅಂತಾರೆ. ಲೆಕ್ಕದಿಂದ ಹೋಗೋದಾಗಿದ್ರೆ ಯಾವತ್ತೋ ಹೋಗ್ತಿತ್ತು.

ಲೆಕ್ಕದ_ಮೇಷ್ಟ್ರು

ಆ ಏಳೂವರೆಯೂ ತಪ್ಪೇ! ರಾಹುಕಾಲ ಅಂದ್ರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಟು ಪಾಲು ಮಾಡಿ ಅದರಲ್ಲಿ ಒಂದು. ಸೋಮವಾರ ಎರಡನೇ ಪಾಲು. ಗೋಡೆ ಕ್ಯಾಲೆಂಡರಿನ 7:30–9:00 ಅನ್ನೋದು ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದ್ರೆ ಮಾತ್ರ. ಜನವರಿಯಲ್ಲಿ ಮೈಸೂರಲ್ಲಿ ಸೂರ್ಯ ಹುಟ್ಟೋದು 6:45ರ ಸುಮಾರಿಗೆ, ಮುಳುಗೋದು 6:15ರ ಸುಮಾರಿಗೆ. ಒಂದು ಪಾಲು 86 ನಿಮಿಷ ಆಗುತ್ತೆ, ರಾಹುಕಾಲ 8:11ರಿಂದ 9:37. ಅವರ ಶಾಸ್ತ್ರದ ಪ್ರಕಾರವೇ, ಒಂಬತ್ತಕ್ಕೆ ಹೊರಟೋರು ನೇರ ರಾಹುಕಾಲದೊಳಕ್ಕೆ ಹೊರಟ ಹಾಗಾಯ್ತು.

ಶ್ರೀರಂಗಪಟ್ಟಣ_ಸೇತುವೆ

ಇದರಿಂದ ಯಾರಿಗೆ ಏನು ತೊಂದರೆ ಅಂತ ಅರ್ಥ ಆಗ್ತಿಲ್ಲ. ಒಂದೂವರೆ ಗಂಟೆ ತಡವಾಗಿ ಹೊರಟ್ರೆ ಲೋಕ ಮುಳುಗಲ್ಲ. ಹಿರಿಯರು ಮಾಡಿಕೊಂಡು ಬಂದಿದ್ದು, ಮನಸ್ಸಿಗೆ ನೆಮ್ಮದಿ. ಬಿಡಲೇಬೇಕು ಅನ್ನೋ ಹಟ ಯಾಕೆ?

ಮೂಲಾ_ಅಲ್ಲ_ಮನುಷ್ಯಳು

ತೊಂದರೆ ಯಾರಿಗೆ ಅಂದ್ರಲ್ಲ, ಹೇಳ್ತೀನಿ. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗಲ್ಲ, ಆಶ್ಲೇಷ ಅತ್ತೆಗಾಗಲ್ಲ, ಜ್ಯೇಷ್ಠಾ ಭಾವನಿಗಾಗಲ್ಲ, ವಿಶಾಖಾ ಮೈದುನನಿಗಾಗಲ್ಲ. 27ರಲ್ಲಿ 4 ನಕ್ಷತ್ರ. ಏಳು ಹುಡುಗೀರಲ್ಲಿ ಒಬ್ಬಳನ್ನ ಹುಟ್ಟಿದ ದಿನವೇ ಪಕ್ಕಕ್ಕೆ ತಳ್ಳಿದ ಹಾಗೆ. ಹುಡುಗರ ಮೂಲಾ ನಕ್ಷತ್ರದ ಬಗ್ಗೆ ಯಾರೂ ಬಾಯಿ ಬಿಡಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹುಟ್ಟಿದ ಸಮಯ ತಿದ್ದಿಸಿ ಬೇರೆ ಜಾತಕ ಬರೆಸ್ತಾರೆ. ನಂಬದವರು ಬರೆಸ್ತಾರೆ, ನಂಬುವವರೂ ಬರೆಸ್ತಾರೆ. ನೆಮ್ಮದಿ ಒಬ್ಬರಿಗೆ, ಅದರ ಬೆಲೆ ಕಟ್ಟೋದು ಇನ್ನೊಬ್ಬರು.

ಶ್ರೀರಂಗಪಟ್ಟಣ_ಸೇತುವೆ

ಅದು ಅನ್ಯಾಯ, ಒಪ್ತೀನಿ. ಆದರೆ ಹೆಣ್ಣುಮಕ್ಕಳ ಜಾತಕಕ್ಕೂ ತಂದೆ ತಾಯಿಯ ತಿಥಿಗೂ ಗಂಟು ಹಾಕಬೇಡಿ.

ಮನಸ್ಸಿನ_ಕೆಲಸ

ಭಯದ ವಿಷಯಕ್ಕೆ ಬರ್ತೀನಿ, ಮೂಲ ಪ್ರಶ್ನೆ ಅದೇ.

ನಂಬಿಕೆ ಹೋದ ಮೇಲೂ ಭಯ ಉಳಿಯೋಕೆ ಕಾರಣ, ಭಯಾನ ಯಾವತ್ತೂ ಪರೀಕ್ಷೆ ಮಾಡದೇ ಇರೋದು. ಪ್ರತಿ ಸಲ ರಾಹುಕಾಲ ತಪ್ಪಿಸಿದಾಗ ಏನೂ ಆಗಲ್ಲ, ಮನಸ್ಸು ಆ "ಏನೂ ಆಗಲಿಲ್ಲ" ಅನ್ನೋದನ್ನ ತಪ್ಪಿಸಿದ್ದರ ಲೆಕ್ಕಕ್ಕೆ ಬರ್ಕೊಳ್ಳುತ್ತೆ. ಹಾಗಾಗಿ ಸಣ್ಣದರಿಂದ ಶುರು ಮಾಡಿ. ಮಂಗಳವಾರ ಉಗುರು ಕತ್ತರಿಸಿ. ಅಮಾವಾಸ್ಯೆ ದಿನ ಊರಿಗೆ ಹೊರಡಿ. ರಾಹುಕಾಲದಲ್ಲೇ ದೇವರಾಜ ಮಾರ್ಕೆಟ್ಟಿಗೆ ಹೋಗಿ ಸಾಮಾನು ತನ್ನಿ. ಮಾಡೋ ಮೊದಲು ಒಂದು ನೋಟ್‌ಬುಕ್ಕಿನ ಪುಟದಲ್ಲಿ ಗೆರೆ ಎಳೆದು ಎಡಗಡೆ ಬರೀರಿ: ಏನಾಗುತ್ತೆ ಅಂತ ಹೆದರಿಕೆ, ಯಾವ ತಾರೀಕಿನೊಳಗೆ, ಹತ್ತಕ್ಕೆ ಎಷ್ಟು ಹೆದರಿಕೆ. ತಾರೀಕು ಬಂದ ದಿನ ಬಲಗಡೆ ಏನಾಯ್ತು ಬರೀರಿ. ತಾರೀಕು ಹಾಕದೇ ಇದ್ರೆ ಉಪಯೋಗವಿಲ್ಲ. ಎಂಟು ತಿಂಗಳಾದ ಮೇಲೆ ಬಂದ ಜ್ವರವೂ ಅವತ್ತಿನ ಉಗುರಿನ ತಲೆಗೇ ಕಟ್ಟುತ್ತೆ.

ಜನ ಎಡವೋದು ಎರಡು ಕಡೆ. ಒಂದು, ರಾಹುಕಾಲದಲ್ಲಿ ಹೊರಟು ಮನಸ್ಸಲ್ಲೇ ಒಂದು ಶ್ಲೋಕ ಹೇಳ್ಕೊಳ್ಳೋದು, ಇಲ್ಲಾ ಜೇಬಿನಲ್ಲಿ ಕುಂಕುಮದ ಪೊಟ್ಟಣ ಇಟ್ಟುಕೊಳ್ಳೋದು. ಹಾಗೆ ಮಾಡಿದ್ರೆ ಏನೂ ಆಗದೇ ಇದ್ದದ್ದರ ಪುಣ್ಯ ಶ್ಲೋಕಕ್ಕೆ ಹೋಗುತ್ತೆ, ಭಯ ಇದ್ದ ಹಾಗೇ ಇರುತ್ತೆ. ಇನ್ನೊಂದು, ಮೊದಲನೇ ಸಲವೇ ಮಗುವಿನ ಆಪರೇಷನ್ ದಿನದಂಥ ದೊಡ್ಡ ವಿಷಯಕ್ಕೆ ಕೈ ಹಾಕೋದು. ಹೆದರಿಕೆ ಹತ್ತಕ್ಕೆ ಮೂರು ಇರೋದನ್ನೇ ಮೊದಲು ತಗೊಳ್ಳಿ. ಅದು ಒಂದಕ್ಕಿಳಿಯೋ ತನಕ ಮತ್ತೆ ಮತ್ತೆ ಮಾಡಿ, ಆಮೇಲೆ ಮುಂದಿನದು.

ದಿನಕ್ಕೆ ಗಂಟೆಗಟ್ಟಲೆ ಪಾಪಭಯ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು, ನಿದ್ದೆ ಇಲ್ಲದಿರೋದು ಇದ್ರೆ ಅದು ವಾದದ ವಿಷಯ ಅಲ್ಲ, ಡಾಕ್ಟರ ವಿಷಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಕುಕ್ಕರಹಳ್ಳಿ_ಏರಿ

ಇದು ಬಹಳ ಉಪಯೋಗದ ಉತ್ತರ. ಒಂದು ತೊಡಕು ಉಳಿಯುತ್ತೆ. ಒಬ್ಬರು ಶಾಂತಿ ಹೋಮ ಬೇಡ ಅಂದು, ಆರು ತಿಂಗಳಲ್ಲಿ ಮನೇಲಿ ಯಾರಿಗಾದ್ರೂ ಕಾಯಿಲೆ ಬಂದ್ರೆ ಬೆರಳೆಲ್ಲ ಅವರ ಕಡೆಗೇ ತಿರುಗುತ್ತೆ. ನೋಟ್‌ಬುಕ್ ಅದಕ್ಕೇನು ಮಾಡೀತು?

ಮನಸ್ಸಿನ_ಕೆಲಸ

ಏನೂ ಮಾಡಲ್ಲ. ಅದು ನಿಮ್ಮೊಳಗಿನ ಭಯ ಅಲ್ಲ, ಹೊರಗಿಂದ ಬರೋ ದೂರು. ನಿಮ್ಮ ಪಾಲಿನದನ್ನ ಮಾತ್ರ ಬೇಡ ಅನ್ನಿ. ಅಮ್ಮನ ದುಡ್ಡಲ್ಲಿ, ಅಮ್ಮನ ಮನೇಲಿ ನಡೆಯೋ ಹೋಮಾನ ತಡೆಯೋಕೆ ಹೋಗಬೇಡಿ. ತಡೆದ ಹೋಮಕ್ಕೆ ಬರೋ ದೂರು ಬಹಳ ಕಾಲ ಬಾಳುತ್ತೆ.

ಮಡಿ_ಸೀರೆ

"ಅಮ್ಮ ಮಾಡ್ಕೊಳ್ಳಲಿ ಬಿಡಿ" ಅನ್ನೋದು ಗಂಡಸರಿಗೆ ಸಲೀಸು. ಯಜಮಾನರು ನಂಬಿಕೆ ಇಲ್ಲ ಅಂತ ಹೇಳಿ ಜಗಲಿ ಮೇಲೆ ಪೇಪರ್ ಓದ್ತಾರೆ. ತಿಥಿ ನಿಲ್ಲುತ್ತಾ? ಇಲ್ಲ. ಬೆಳಗಿನ ಜಾವ ತಣ್ಣೀರು ಸ್ನಾನ, ಹಿಂದಿನ ದಿನ ಯಾರೂ ಮುಟ್ಟದ ಹಾಗೆ ಒಣಗಿಸಿದ ಸೀರೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ವಡೆ, ಪಾಯಸ, ಬ್ರಾಹ್ಮಣಾರ್ಥದವರು (ತಿಥಿ ಊಟಕ್ಕೆ ಕೂರೋ ಬ್ರಾಹ್ಮಣರು) ಎದ್ದ ಮೇಲೇ ಮನೆಯವರ ಊಟ. ಇಷ್ಟನ್ನೂ ಮಾಡೋಳು ಸೊಸೆ. ಅವಳ ನಂಬಿಕೆ ಏನು ಅಂತ ಒಬ್ಬರೂ ಕೇಳಲ್ಲ. ಮುಟ್ಟಿನ ದಿನ ಬಂದುಬಿಟ್ರೆ ಅದಕ್ಕೂ ಅವಳೇ ಹೊಣೆ, ಮಾತ್ರೆ ನುಂಗಿ ಮುಂದಕ್ಕೆ ಹಾಕು ಅಂತಾರೆ.

ನಂಬಿಕೆ ಬಿಟ್ಟೆ ಅನ್ನೋ ಗಂಡಸರು ಮೊದಲು ಅಡುಗೆಮನೆ ಕೆಲಸ ಎಷ್ಟು ಕಮ್ಮಿ ಆಯ್ತು ಅಂತ ನೋಡಲಿ. ತಿಥಿ ನಡೆಯಲೇಬೇಕು ಅಂತ ಹಿರಿಯರು ಹಟ ಹಿಡಿದ್ರೆ, ಅಡುಗೆ ಸಮೇತ ಶ್ರಾದ್ಧ ಮಾಡಿಸಿಕೊಡೋ ಜಾಗಗಳು ಮೈಸೂರಲ್ಲೂ ಇವೆ, ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿ ಕಡೆಯೂ ಇವೆ. ತಿಂಗಳು ಮುಂಚೆ ಹೇಳಿ, ಎಷ್ಟು ಎಲೆ, ಎಷ್ಟು ಜನ ಪುರೋಹಿತರು ಅಂತ ಮಾತಾಡಿಕೊಳ್ಳಿ. ಮನೆಯ ಒಲೆ ಹಚ್ಚಬೇಡಿ.

ಅಗ್ರಹಾರ_ವೃತ್ತ

ಈ ಚರ್ಚೆಯ ಅತಿ ಮುಖ್ಯ ಮಾತು ಇದೇ. ಮೇಲಕ್ಕೆ ಪಿನ್ ಮಾಡಿ.

ಕೀಲಾರ_ಹೈದ

ಸಿಟೀಲಿರೋರ್ಗೆ ಇದೆಲ್ಲ ಸಲೀಸು ಕಣ್ರಪ್ಪ. ನಮ್ಮ ಮಂಡ್ಯ ಕಡೆ ಹಳ್ಳೀಲಿ ಮಾರಮ್ಮನ ಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಹಾಕ್ತಾರೆ. ನಂಬಕಿಲ್ಲ, ಕೊಡಕಿಲ್ಲ ಅಂದ್ರೆ ಅದು ದೇವ್ರ ಇಸ್ಯ ಆಗಿರಕಿಲ್ಲ, ಊರ್ನ ಇಸ್ಯ ಆಯ್ತದೆ. ನಾಳೆ ನಾಲೆ ನೀರಿನ ಸರದಿ, ಕಬ್ಬು ಕಡಿಯಾಕೆ ಆಳು, ಸಾವಾದ್ರೆ ಹೆಣ ಹೊರಾಕೆ ಹೆಗಲು, ಎಲ್ಲಾ ಅದೇ ಮನೆಗಳಿಂದ್ಲೇ ಬರ್ಬೇಕು.

ಅದ್ಕೇ ವಂತಿಗೆ ಕೊಟ್ಬುಡಿ. ಕೊಡೋವಾಗ ಯಜಮಾನ್ರ ಮುಂದೇನೇ ಹೇಳಿ: ಅಣ್ಣ, ನನ್ನ ಕಾಸು ಲೈಟಿಗೆ, ಊಟಕ್ಕೆ ಬರ್ಕಳಿ, ಹಬ್ಬ ಆದ್ಮೇಲೆ ಲೆಕ್ಕ ಓದಿ. ಹರಕೆ ಮರಿ ನಮ್ಮನೇಲಿ ಕಡಿಯಕಿಲ್ಲ ಅಂತ್ಲೂ ಹೇಳಿ. ಬಾಡೂಟಕ್ಕೆ ಕರುದ್ರೆ ಹೋಗಿ ಉಣ್ಣಿ. ಲೆಕ್ಕ ಕೇಳೋನ್ಗೆ ಊರು ಬೆಲೆ ಕೊಡ್ತದೆ, ಉಣ್ಣಾಕೆ ಬರ್ದಿರೋನ್ಗೆ ಕೊಡಕಿಲ್ಲ.

ಒಂಟಿಕೊಪ್ಪಲ್_ಓದುಗ

ಹರಕೆ ಮರಿ ಅಂದ್ರಲ್ಲ, ದೇವಸ್ಥಾನದ ಆವರಣದಲ್ಲಿ ಬಲಿ ಕೊಡೋದು 1959ರ ಪ್ರಾಣಿಬಲಿ ತಡೆ ಕಾಯ್ದೆ ಪ್ರಕಾರ ಅಪರಾಧವೇ. ಮೌಢ್ಯ ತಡೆ ಕಾಯ್ದೆ ಅಂತ ನಾವು ಕರೆಯೋದು 2017ರದು, ಜಾರಿಯಾಗಿದ್ದು 2020ರ ಜನವರಿಯಲ್ಲಿ. ಮಡೆಸ್ನಾನದಂಥವು ಅದರಲ್ಲಿ ಬರುತ್ತವೆ. ಜ್ಯೋತಿಷ್ಯ, ವಾಸ್ತು ಸಲಹೆಯನ್ನ ಅದರಿಂದ ಹೊರಗಿಟ್ಟಿದ್ದಾರೆ. ಜ್ಯೋತಿಷಿ ಮಾತು ಸುಳ್ಳಾಯ್ತು ಅಂತ ಆ ಕಾಯ್ದೆ ಹಿಡಿದು ಠಾಣೆಗೆ ಹೋದ್ರೆ ಪ್ರಯೋಜನವಿಲ್ಲ.

ಕೀಲಾರ_ಹೈದ

ಕಾಯ್ದೆ ಗೊತ್ತು ಕಣಣ್ಣ. ಅದ್ಕೇ ಈಗ ದೇವಸ್ಥಾನದ ತಾವು ಬುಟ್ಟು ತೋಟದಲ್ಲಿ ಕಡಿಯಾದು.

ಸಬ್_ರಿಜಿಸ್ಟ್ರಾರ್_ಬೆಂಚು

ಮದುವೆ ಬಗ್ಗೆ ಯಾರೂ ಬರೆದಿಲ್ಲ. ಪುರೋಹಿತರಿಲ್ಲದೆ, ಮುಹೂರ್ತವಿಲ್ಲದೆ ಆಗಬೇಕಾದ್ರೆ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಅರ್ಜಿಗೆ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸ ಇರಬೇಕು. ನೋಟಿಸ್ ಕೊಟ್ಟ ಮೇಲೆ ಕಚೇರಿ ಬೋರ್ಡಿಗೆ ಹಚ್ತಾರೆ, 30 ದಿನ ಕಾಯಬೇಕು. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ರೆ ಅದು ರದ್ದು, ಮತ್ತೆ ಮೊದಲಿನಿಂದ. ಆ ದಿನ ಮೂವರು ಸಾಕ್ಷಿಗಳು ಬೇಕು.

ಗಮನಿಸಬೇಕಾದ್ದು: ಕಾಯಂ ವಿಳಾಸ ಬೇರೆ ಜಿಲ್ಲೆಯದಾದ್ರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತೆ. ಮೈಸೂರಲ್ಲಿ ಅರ್ಜಿ ಹಾಕಿದ ಮಂಡ್ಯದ ಹುಡುಗನ ಹೆಸರು ಮಂಡ್ಯದ ಬೋರ್ಡ್ ಮೇಲೂ ಬರುತ್ತೆ. ಮನೆಯವರಿಗೆ ಬೇರೆಯವರ ಬಾಯಿಂದ ತಿಳಿಯೋ ಮುಂಚೆ ನೀವೇ ಹೇಳಿಬಿಡಿ. ಅಪ್ಪ ಅಮ್ಮ ಒಪ್ಪಿಲ್ಲ ಅನ್ನೋದು ಕಾನೂನಿನಲ್ಲಿ ಆಕ್ಷೇಪಣೆ ಆಗಲ್ಲ. ವಯಸ್ಸು ಗಂಡಿಗೆ 21 ಹೆಣ್ಣಿಗೆ 18 ಆಗಿಲ್ಲ, ಮೊದಲ ಮದುವೆ ಊರ್ಜಿತದಲ್ಲಿದೆ, ಮಾನಸಿಕ ಸ್ಥಿತಿಯಿಂದ ಒಪ್ಪಿಗೆ ಕೊಡುವ ಹಾಗಿಲ್ಲ, ನಿಷಿದ್ಧ ಸಂಬಂಧ, ಇಂಥವು ಮಾತ್ರ.

ನಮ್ಮ ಕಡೆಯವರು ಎಡವೋದು ಆ ಕೊನೇದರಲ್ಲಿ. ಸೋದರಮಾವ, ಅತ್ತೆ ಮಗ, ಮಾವನ ಮಗಳು, ಇವೆಲ್ಲ ಆ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿವೆ. ಸಂಬಂಧದೊಳಗಿನ ಮದುವೆ ಆದ್ರೆ ಅರ್ಜಿ ಹಾಕೋ ಮುಂಚೆ ವಕೀಲರನ್ನ ಕೇಳಿ.

ಉದಯರವಿ_ರಸ್ತೆ

ಇಷ್ಟೆಲ್ಲ ಯಾಕೆ? ಕುವೆಂಪು ಅವರೇ ಮಂತ್ರ ಮಾಂಗಲ್ಯದ ದಾರಿ ತೋರಿಸಿಕೊಟ್ಟಿದ್ದಾರೆ. 1966ರಲ್ಲಿ ಮಗ ತೇಜಸ್ವಿ ಅವರ ಮದುವೆಯನ್ನ ಹಾಗೇ ಮಾಡಿಸಿದ್ರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ, ಪ್ರಮಾಣ ವಚನ ಓದಿದ್ರೆ ಮದುವೆ. ಮೈಸೂರಿನವರಿಗೆ ಇದಕ್ಕಿಂತ ಒಳ್ಳೆ ಮಾದರಿ ಇಲ್ಲ.

ಸಬ್_ರಿಜಿಸ್ಟ್ರಾರ್_ಬೆಂಚು

ಮಾದರಿ ಒಳ್ಳೇದೇ, ನನಗೂ ಅದರ ಮೇಲೆ ಗೌರವ ಇದೆ. ಆದರೆ ಅದೊಂದನ್ನೇ ನೆಚ್ಚಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸೋಕೆ ಹೋದ್ರೆ ಮುಂದೆ ತಕರಾರು ಬರಬಹುದು. ಆ ಕಾಯ್ದೆ ಕೇಳೋದು ಸಂಪ್ರದಾಯದ ವಿಧಿಗಳನ್ನ. ಬರೀ ನೋಂದಣಿಯಿಂದ ಹಿಂದೂ ಮದುವೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು 7ಎ ಅನ್ನೋ ಕಲಂ ಸೇರಿಸಿಕೊಂಡಿತು. ಅದು ಅಲ್ಲಿಗೆ ಮಾತ್ರ.

ಹಾಗಾಗಿ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಮಾಡಿಕೊಂಡು, ಅವತ್ತೇ ನೆಂಟರಿಷ್ಟರ ಎದುರು ಮಂತ್ರ ಮಾಂಗಲ್ಯದ ಪ್ರಮಾಣ ಓದಿ. ಎರಡೂ ಆಯ್ತು. ಆಸ್ತಿ ಬಗ್ಗೆ ಹೆದರಿಸೋರು ಇರ್ತಾರೆ: ಗಂಡು ಹೆಣ್ಣು ಇಬ್ಬರೂ ಹಿಂದೂಗಳಾದ್ರೆ, 1976ರ ತಿದ್ದುಪಡಿಯಿಂದ, ಪಿತ್ರಾರ್ಜಿತದ ಪಾಲು ಮೊದಲಿನ ಹಾಗೇ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರವೇ ಇರುತ್ತೆ. ಒಬ್ಬರು ಬೇರೆ ಧರ್ಮದವರಾದ್ರೆ ಮಾತ್ರ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ, ಆಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ.

ಉದಯರವಿ_ರಸ್ತೆ

ಈ 7ಎ ವಿಷಯ ಗೊತ್ತಿರಲಿಲ್ಲ. ಧನ್ಯವಾದ.

ಛತ್ರದ_ಮ್ಯಾನೇಜರ್

ಆಷಾಢದಲ್ಲಿ, ಧನುರ್ಮಾಸದಲ್ಲಿ ಇಟ್ಟುಕೊಳ್ಳಿ. ಛತ್ರ, ಅಡುಗೆಯವರು, ಫೋಟೋದವರು ಎಲ್ಲಾ ಬಿಡುವಾಗಿರ್ತಾರೆ, ಬಾಡಿಗೆ ಚೌಕಾಸಿಗೆ ಬಗ್ಗುತ್ತೆ. ಆಷಾಢ ಶುಕ್ರವಾರ ಮಾತ್ರ ಬೇಡ, ಚಾಮುಂಡಿ ಬೆಟ್ಟದ ಜನದಿಂದ ಆ ಕಡೆ ರಸ್ತೆಗಳಲ್ಲಿ ಬಸ್ಸು ಕಾರು ಹೊರಳೋದೇ ಕಷ್ಟ.

ಶ್ರೀರಂಗಪಟ್ಟಣ_ಸೇತುವೆ

ಆಷಾಢದಲ್ಲಿ ಕರೆದ್ರೆ ಅರ್ಧ ನೆಂಟರು ಬರಲ್ಲ.

ಛತ್ರದ_ಮ್ಯಾನೇಜರ್

ಬರ್ತಾರೆ. ಊಟ ಚೆನ್ನಾಗಿದೆ ಅಂತ ಗೊತ್ತಾದ್ರೆ ಬರ್ತಾರೆ.

ಜಾತಿ_ಕಾಲಂ

ಕಾಗದಪತ್ರ ಕೇಳಿದ್ರಿ. ನಂಬಲ್ಲ ಅಂದ ಮಾತ್ರಕ್ಕೆ ಕಾನೂನು ಯಾರನ್ನೂ ಹೊರಗೆ ಬಿಡಲ್ಲ. ಹಿಂದೂ ವಿವಾಹ ಕಾಯ್ದೆಯ ಎರಡನೇ ಕಲಂ ಪ್ರಕಾರ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದವರಿಗೆ ಸಾಮಾನ್ಯವಾಗಿ ಅದೇ ಕಾಯ್ದೆ ಅನ್ವಯ. ನಾಸ್ತಿಕರೂ ಅದರೊಳಗೇ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಅಂತ ಬಂದದ್ದು ದೇಶದಲ್ಲಿ ಸುಮಾರು 28.7 ಲಕ್ಷ, ಶೇ. 0.24. ಜಾತಿ ಇಲ್ಲ, ಧರ್ಮ ಇಲ್ಲ ಅನ್ನೋ ಪ್ರಮಾಣಪತ್ರವನ್ನ ತಮಿಳುನಾಡಿನ ತಿರುಪತ್ತೂರಿನ ವಕೀಲೆಯೊಬ್ಬರು 2019ರಲ್ಲಿ ತಹಶೀಲ್ದಾರರಿಂದ ಪಡೆದ್ರು, ವರ್ಷಗಟ್ಟಲೆ ಓಡಾಡಿ.

ಪರಿಶಿಷ್ಟ ಜಾತಿಯವರು ದುಡುಕಬೇಡಿ. ಪರಿಶಿಷ್ಟ ಜಾತಿ ಯಾರು ಅಂತ ಹೇಳೋ 1950ರ ಆದೇಶದಲ್ಲಿ ಮೊದಲು ಹಿಂದೂ ಮಾತ್ರ ಇತ್ತು, 1956ರಲ್ಲಿ ಸಿಖ್, 1990ರಲ್ಲಿ ಬೌದ್ಧ ಸೇರಿತು. ಬೌದ್ಧರಾದ್ರೆ ಎಸ್‌ಸಿ ಸ್ಥಾನ ಉಳಿಯುತ್ತೆ, ಕ್ರೈಸ್ತ ಅಥವಾ ಮುಸ್ಲಿಂ ಆದ್ರೆ ಇಲ್ಲ. ಹಾಗೇ ಮಗುವಿನ ಶಾಲಾ ದಾಖಲೆಯಲ್ಲಿ ಜಾತಿ ಕಾಲಂ ಖಾಲಿ ಬಿಡೋ ಮುಂಚೆ ಯೋಚಿಸಿ. ಮುಂದೆ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅದೇ ದಾಖಲೆ ಕೇಳ್ತಾರೆ. ಜಾತಿಯಿಂದ ಪೆಟ್ಟು ತಿಂದವರಿಗೆ ಆ ಕಾಲಂ ರಕ್ಷಣೆಯೂ ಹೌದು. ಖಾಲಿ ಬಿಡೋದು ದೊಡ್ಡತನ ಅಂತ ಅವರಿಗೆ ಪಾಠ ಹೇಳಬೇಡಿ.

ಮೆಡಿಕಲ್_ಕಾಲೇಜು_ಕಾರಿಡಾರ್

ಸಾವಿನ ವಿಷಯ. ಎಲ್ಲ ಬಿಟ್ಟೆ ಅಂದವರದ್ದೂ ಕೊನೆಗೆ ಹನ್ನೊಂದನೇ ದಿನ, ಹದಿಮೂರನೇ ದಿನ ಎಲ್ಲಾ ನಡೆದುಹೋಗುತ್ತೆ, ಯಾಕಂದ್ರೆ ಆಗ ಹೇಳೋಕೆ ಅವರಿಲ್ಲ. ದೇಹದಾನದ ಫಾರಂ ತುಂಬಿದ್ದೀನಿ ಅಂತ ನಿಶ್ಚಿಂತೆಯಿಂದ ಇರಬೇಡಿ. ಫಾರಂ ಇದ್ರೂ ಆ ಹೊತ್ತಲ್ಲಿ ಹತ್ತಿರದ ಬಂಧುಗಳು ಒಪ್ಪದಿದ್ರೆ ಕಾಲೇಜಿನವರು ಒತ್ತಾಯ ಮಾಡಲ್ಲ. ಹಾಗಾಗಿ ಫಾರಮ್ಮಿನ ಸಾಕ್ಷಿಗಳು ನಿಮ್ಮ ಗಂಡ, ಹೆಂಡತಿ, ಮಕ್ಕಳೇ ಆಗಿರಲಿ. ಅಣ್ಣತಮ್ಮಂದಿರಿಗೂ ಒಂದು ಪ್ರತಿ ಕೊಡಿ. ಜಗಳ ಎಬ್ಬಿಸೋದು ಸಾಮಾನ್ಯವಾಗಿ ಸಾಕ್ಷಿ ಹಾಕದವರೇ.

ಮೈಸೂರು ಮೆಡಿಕಲ್ ಕಾಲೇಜು, ಮಂಡ್ಯದ ಮಿಮ್ಸ್, ಎಲ್ಲೇ ಆದರೂ ಅಂಗರಚನಾ ವಿಭಾಗದಲ್ಲಿ ವಿಚಾರಿಸಬೇಕು. ಸಾವಾದ ಕೆಲವೇ ಗಂಟೆಗಳಲ್ಲಿ ತಲುಪಿಸಬೇಕು, ದೂರದ ನೆಂಟರು ಬರಲಿ ಅಂತ ಎರಡು ದಿನ ಇಟ್ಟುಕೊಳ್ಳೋ ಹಾಗಿಲ್ಲ. ಅಪಘಾತ, ಆತ್ಮಹತ್ಯೆ ಆಗಿ ಪೋಸ್ಟ್‌ಮಾರ್ಟಂ ಆದ ದೇಹ ತಗೊಳ್ಳಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಇದ್ರೂ ತಗೊಳ್ಳಲ್ಲ. ಮನೇಲಿ ಸಾವಾದ್ರೆ ನೋಡ್ತಿದ್ದ ಡಾಕ್ಟರಿಂದ ಮರಣದ ಕಾರಣದ ಪತ್ರ, ಫಾರಂ 4ಎ, ತಗೊಂಡಿರಿ. ಅದಿಲ್ಲದೆ ಅರ್ಧ ದಾರಿಯಿಂದ ವಾಪಸ್ ಬರೋ ಮನೆಯವರ ಪಾಡು ಬಹಳ ಕಷ್ಟ.

ಕಣ್ಣು ಬೇರೆಯೇ ಆಗಿ ಕೊಡಬಹುದು. ಆರು ಗಂಟೆಯೊಳಗೆ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ, ತಲೆ ಕೆಳಗೆ ದಿಂಬು ಇಡಿ, ಐ ಬ್ಯಾಂಕಿನವರು ಮನೆಗೇ ಬರ್ತಾರೆ. ಕಣ್ಣು ತೆಗೆದ ಮೇಲೆ ಮುಖ ವಿಕಾರ ಆಗಲ್ಲ. ನೆಂಟರು ಮೊದಲು ಕೇಳೋದು ಅದನ್ನೇ.

ಶ್ರೀರಂಗಪಟ್ಟಣ_ಸೇತುವೆ

ನಾನು ನಂಬುವವನು, ನಂಬಿಕೆ ಬಿಡಲ್ಲ. ಆದರೆ ಕಣ್ಣಿನ ವಿಷಯ ಮನೇಲಿ ಎಲ್ಲರಿಗೂ ಕಳಿಸಿದ್ದೀನಿ. ಕನ್ನಡಕ ಹಾಕೋರು, ಶುಗರ್ ಇರೋರು ಕೊಡಬಹುದಾ?

ಮೆಡಿಕಲ್_ಕಾಲೇಜು_ಕಾರಿಡಾರ್

ಕೊಡಬಹುದು. ಕ್ಯಾಟರಾಕ್ಟ್ ಆಪರೇಷನ್ ಆದವರೂ ಕೊಡಬಹುದು. ತಗೊಳ್ಳೋದು ಮುಖ್ಯವಾಗಿ ಕಾರ್ನಿಯಾ. ರೇಬಿಸ್, ಎಚ್‌ಐವಿಯಂಥ ಸೋಂಕು ಇದ್ದವರದ್ದು ಬೇಡ ಅಂತಾರೆ.

ಕುಕ್ಕರಹಳ್ಳಿ_ಏರಿ

ನೋಟ್‌ಬುಕ್, ನೋಟಿಸ್, ದೇಹದಾನ ಇವನ್ನೆಲ್ಲ ಒಟ್ಟು ಮಾಡಿ ಮೊದಲನೇ ಪೋಸ್ಟಿನ ಕೆಳಗೆ ಹಾಕ್ತೀನಿ. ಮಡಿ_ಸೀರೆ ಅಕ್ಕ, ಅಡುಗೆ ಸಮೇತ ಮಾಡಿಕೊಡೋ ಕಡೆ ಒಂದು ಎಲೆಗೆ ಹೆಚ್ಚುಕಮ್ಮಿ ಎಷ್ಟಾಗುತ್ತೆ, ಏನೇನು ಮೊದಲೇ ಕೇಳಿಕೊಳ್ಳಬೇಕು, ಹೇಳ್ತೀರಾ?

ಮಡಿ_ಸೀರೆ

ದರ ಜಾಗದಿಂದ ಜಾಗಕ್ಕೆ ಬೇರೆ, ಪಿತೃಪಕ್ಷದಲ್ಲಿ ಇನ್ನೂ ಬೇರೆ. ದಕ್ಷಿಣೆ ಅದರೊಳಗೇ ಸೇರಿದ್ಯಾ ಬೇರೆಯಾ, ಮನೆಯವರ ಊಟ ಎಷ್ಟು ಎಲೆ, ಹೆಂಗಸರು ಅಲ್ಲೂ ಮಡಿಯಲ್ಲಿ ಬಡಿಸಬೇಕಾ, ಇಷ್ಟು ಕೇಳಿ. ಬಡಿಸಬೇಕು ಅಂದ್ರೆ ಬೇರೆ ಕಡೆ ನೋಡಿ.